'ಪರಿಣಾಮ ಅನಿಶ್ಚಿತ' ಎಂಬ ವರದಿಯನ್ನು ಹೇಗೆ ಓದಬೇಕು?

ಓದುಗರ ಪತ್ರ: ಮನುಷ್ಯನ ಡಿಎನ್‌ಎ ನಕ್ಷೆ 2003ರಲ್ಲೇ ಪೂರ್ತಿಯಾಗಿದೆ ಎಂದು ಕೇಳಿದ್ದೇವೆ. ಮೂರು ವರ್ಷದ ಮಗಳಿಗೆ ಪದೇ ಪದೇ ಫಿಟ್ಸ್ ಬರುವುದರಿಂದ ಎಕ್ಸೋಮ್ ಎಂಬ ಡಿಎನ್‌ಎ ಪರೀಕ್ಷೆ ಮಾಡಿಸಿದೆವು. ಎಸ್‌ಸಿಎನ್‌1ಎ ಜೀನಿನಲ್ಲಿ ಒಂದು ಬದಲಾವಣೆ ಇದೆ, ಪರಿಣಾಮ ಅನಿಶ್ಚಿತ ಎಂದು ವರದಿ ಬಂದಿದೆ. ನಕ್ಷೆ ಇದ್ದೂ ಹೀಗೇಕೆ? ಲ್ಯಾಬ್ ತಪ್ಪಿತೇ? ಮನೆಯಲ್ಲಿ ಎರಡನೇ ಮಗು ಬೇಡ ಎನ್ನುತ್ತಿದ್ದಾರೆ.

ಸಂಪಾದಕರ ಉತ್ತರ: ಇಂಥ ವರದಿ ಬಂದ ಮಾತ್ರಕ್ಕೆ ಲ್ಯಾಬ್ ತಪ್ಪಿದೆ ಎನ್ನಲಾಗದು. ಈ ಒಂದು ಸಾಲನ್ನು ನಂಬಿ ಎರಡನೇ ಮಗುವಿನ ವಿಚಾರ ತೀರ್ಮಾನಿಸಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇವೆ.

2003ರಲ್ಲಿ ಮುಗಿದದ್ದು ಸುಮಾರು 300 ಕೋಟಿ ಡಿಎನ್‌ಎ ಅಕ್ಷರಗಳ ಪೈಕಿ ಶೇ 92ರಷ್ಟರ ಓದು. ಒಂದೇ ಸಾಲು ಮತ್ತೆ ಮತ್ತೆ ಬರುವ ಕಷ್ಟದ ಜಾಗಗಳು ಬಿಡಿಸಿಕೊಂಡದ್ದು 2022ರಲ್ಲಿ. ಆದರೆ ಒಂದು ಅಕ್ಷರ ಬದಲಾದರೆ ದೇಹದಲ್ಲಿ ಏನಾಗುತ್ತದೆ ಎಂಬುದನ್ನು ನಕ್ಷೆ ಹೇಳುವುದಿಲ್ಲ. ಅದನ್ನು ಸಾವಿರಾರು ಜನರ ಡಿಎನ್‌ಎ ಮತ್ತು ಅವರ ಆರೋಗ್ಯವನ್ನು ಜೊತೆಗಿಟ್ಟು ನೋಡಿಯೇ ಕಲಿಯಬೇಕು.

ಎಕ್ಸೋಮ್ ಪರೀಕ್ಷೆಯಲ್ಲಿ ಪ್ರೋಟೀನ್ ತಯಾರಿಕೆಯ ಸೂಚನೆಗಳಿರುವ ಶೇ 1-2ರಷ್ಟು ಭಾಗವನ್ನಷ್ಟೇ ಹಿಡಿದು, ಸಾಮಾನ್ಯವಾಗಿ 150 ಅಕ್ಷರಗಳ ತುಣುಕುಗಳಲ್ಲಿ, ಪ್ರತಿ ಜಾಗವನ್ನೂ ಸರಾಸರಿ 100 ಸಲದ ಆಸುಪಾಸು ಓದುತ್ತಾರೆ. ಮಾದರಿ ನಕ್ಷೆಗೆ ಹೋಲಿಸಿದರೆ ಆರೋಗ್ಯವಂತರಲ್ಲೂ 20 ಸಾವಿರದಷ್ಟು ವ್ಯತ್ಯಾಸಗಳು ಸಿಗುತ್ತವೆ. ಜನರಲ್ಲಿ ಸಾಮಾನ್ಯವಾಗಿರುವುದನ್ನೆಲ್ಲ ಮೊದಲು ಬದಿಗಿಡುತ್ತಾರೆ. ಯಾವುದು ಸಾಮಾನ್ಯ ಎಂದು ಹೇಳುವ ದತ್ತಾಂಶ ಬಹುಪಾಲು ಯುರೋಪ್ ಮೂಲದವರದ್ದು. ನಮ್ಮವರಿಗೆ ಪೆಟ್ಟು ಬೀಳುವುದು ಇಲ್ಲೇ. ಹೃದಯದ ಸ್ನಾಯುವಿಗೆ ಸಂಬಂಧಿಸಿದ ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರಗಳು ಕಾಣೆಯಾಗಿರುವುದು ದಕ್ಷಿಣ ಏಷ್ಯಾದ ಸುಮಾರು ಶೇ 4ರಷ್ಟು ಜನರಲ್ಲಿದೆ, ಯುರೋಪಿನವರಲ್ಲಿ ಇಲ್ಲವೆನ್ನುವಷ್ಟು ಅಪರೂಪ. ಅಲ್ಲಿನ ಪಟ್ಟಿಯನ್ನಷ್ಟೇ ನೋಡಿದವರಿಗೆ ಇದು ಅತಿ ವಿರಳ ಎಂದೇ ತೋರುತ್ತದೆ. ಹೀಗೆ ವಿರಳವಾಗಿ ಕಂಡದ್ದು ಕಾಯಿಲೆಗೆ ಕಾರಣವೋ ನಿರಪಾಯವೋ ಎಂದು ಹೇಳಲು ಪುರಾವೆ ಸಾಲದಿದ್ದಾಗ 'ಪರಿಣಾಮ ಅನಿಶ್ಚಿತ' ಎಂದು ಬರೆಯುತ್ತಾರೆ. ಈ ಕೊರತೆ ತುಂಬಲೆಂದೇ 2020ರಲ್ಲಿ ಜೀನೋಮ್ ಇಂಡಿಯಾ ಯೋಜನೆ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸುಮಾರು 10 ಸಾವಿರ ಭಾರತೀಯರ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿವೆ. ಇಷ್ಟೊಂದು ಜಾತಿ, ಬುಡಕಟ್ಟುಗಳ ಒಳಗೊಳಗೇ ಮದುವೆ ನಡೆಯುವ ದೇಶಕ್ಕೆ ಇದು ಆರಂಭ ಮಾತ್ರ.

ಈಗ ನೀವು ಮಾಡಬೇಕಾದದ್ದು. ತಂದೆ ತಾಯಿ ಇಬ್ಬರೂ ರಕ್ತ ಕೊಟ್ಟು ಆ ಒಂದು ಜಾಗವನ್ನು ಸ್ಯಾಂಗರ್ ವಿಧಾನದಲ್ಲಿ (ಡಿಎನ್‌ಎಯ ಒಂದು ಚಿಕ್ಕ ಭಾಗವನ್ನಷ್ಟೇ ಓದುವ ಕ್ರಮ) ಓದಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ 2-3 ಮಿ.ಲೀ. ಸಾಕು, ಹೆಪಾರಿನ್ ಟ್ಯೂಬ್ ಬೇಡ, ಡಿಎನ್‌ಎ ನಕಲು ಮಾಡುವ ಕಿಣ್ವಕ್ಕೆ ಅದು ಅಡ್ಡಿ. ಬದಲಾವಣೆ ನಿಮ್ಮಿಬ್ಬರಲ್ಲೂ ಇಲ್ಲದಿದ್ದರೆ ಅದು ಮಗುವಿನಲ್ಲಿ ಹೊಸದಾಗಿ ಹುಟ್ಟಿದ್ದು. ಎಸ್‌ಸಿಎನ್‌1ಎಯಿಂದ ಬರುವ ಡ್ರಾವೆ ಸಿಂಡ್ರೋಮ್ (ಎಳವೆಯಲ್ಲೇ ಶುರುವಾಗುವ ತೀವ್ರ ಫಿಟ್ಸ್ ಕಾಯಿಲೆ) ಬಹುಪಾಲು ಹೀಗೆಯೇ ಬರುವುದರಿಂದ, ಆಗ ಕಾಯಿಲೆಗೆ ಇದೇ ಕಾರಣ ಎಂಬ ಅನುಮಾನ ಬಲವಾಗುತ್ತದೆ. ಆದರೆ ಮುಂದಿನ ಮಗುವಿಗೆ ಅದೇ ಬರುವ ಸಾಧ್ಯತೆ ಸಾಮಾನ್ಯವಾಗಿ ಶೇ 1ರ ಆಸುಪಾಸಿಗೆ ಇಳಿಯುತ್ತದೆ. ಪೂರ್ತಿ ಸೊನ್ನೆಯಾಗುವುದಿಲ್ಲ, ಏಕೆಂದರೆ ರಕ್ತದಲ್ಲಿ ಕಾಣದ ಬದಲಾವಣೆ ಕೆಲವು ಅಂಡ ಅಥವಾ ವೀರ್ಯಾಣುಗಳಲ್ಲಿ ಇರಬಹುದು. ನಿಮ್ಮಲ್ಲಿ ಒಬ್ಬರಿಗೆ ಅದು ಇದ್ದು ಆರೋಗ್ಯವಾಗಿದ್ದರೆ, ನಿರಪಾಯ ಎನ್ನುವ ಕಡೆಗೆ ತಕ್ಕಡಿ ವಾಲುತ್ತದೆ. ಆದರೂ ಚಿಕ್ಕಂದಿನಲ್ಲಿ ಜ್ವರದ ಜೊತೆ ಫಿಟ್ಸ್ ಬಂದಿತ್ತೇ ಎಂದು ಮನೆಯ ಹಿರಿಯರನ್ನು ಕೇಳಿ, ಜೆನೆಟಿಕ್ ಕೌನ್ಸೆಲರ್‌ಗೆ (ಇಂಥ ವರದಿಗಳನ್ನು ಕುಟುಂಬಕ್ಕೆ ವಿವರಿಸುವ ಸಲಹೆಗಾರರು) ತಿಳಿಸಿ. ಈ ಜೀನಿನ ಕೆಲವು ಬದಲಾವಣೆಗಳು ಒಂದೇ ಮನೆಯಲ್ಲಿ ಒಬ್ಬರಿಗೆ ಸೌಮ್ಯವಾಗಿ, ಇನ್ನೊಬ್ಬರಿಗೆ ತೀವ್ರವಾಗಿ ಕಾಣಿಸಿಕೊಳ್ಳುತ್ತವೆ.

ವರದಿಯನ್ನು ಮಕ್ಕಳ ನರರೋಗ ತಜ್ಞರಿಗೆ ತೋರಿಸುವಾಗ ಈಗ ಕೊಡುತ್ತಿರುವ ಮಾತ್ರೆಗಳ ಹೆಸರನ್ನೂ ಹೇಳಿ. ಡ್ರಾವೆ ಇದ್ದರೆ ಕಾರ್ಬಮಜೆಪಿನ್, ಫೆನಿಟೋಯಿನ್, ಲ್ಯಾಮೋಟ್ರಿಜಿನ್ ಫಿಟ್ಸನ್ನು ಹೆಚ್ಚಿಸಬಲ್ಲವು. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಏಕಾಏಕಿ ನಿಲ್ಲಿಸಿದರೆ ಬಿಡದೆ ಬರುವ ಫಿಟ್ಸ್ ಶುರುವಾಗಬಹುದು.

ಲ್ಯಾಬಿನಿಂದ ವರದಿಯ ಪಿಡಿಎಫ್ ಜೊತೆಗೆ ಫಾಸ್ಟ್‌ಕ್ಯೂ (ಓದಿದ ಮೂಲ ತುಣುಕುಗಳು) ಮತ್ತು ವಿಸಿಎಫ್ (ಸಿಕ್ಕ ವ್ಯತ್ಯಾಸಗಳ ಪಟ್ಟಿ) ಕಡತಗಳನ್ನೂ ಕೇಳಿ ಪಡೆಯಿರಿ. ಒಂದೆರಡು ವರ್ಷದ ಬಳಿಕ, ಮತ್ತೆ ರಕ್ತ ಕೊಡದೆಯೇ, ಅದೇ ದತ್ತಾಂಶವನ್ನು ಹೊಸ ತಿಳಿವಳಿಕೆಯ ಬೆಳಕಿನಲ್ಲಿ ಮರುಪರಿಶೀಲಿಸಲು ಅವು ಬೇಕಾಗುತ್ತವೆ.