ಲಿಂಫೋಮಾಕ್ಕೆ ಕೀಮೋ ಬಿಟ್ಟು ವೈರಾಣುವಿನ ಮಾತ್ರೆ ಏಕೆ?

ಪ್ರಶ್ನೆ: ತಂದೆಗೆ ಹೆಪಟೈಟಿಸ್ ಸಿ ಇದೆ. ಗುಲ್ಮ ಊದಿಕೊಂಡಿದ್ದು, ‘ಮಾರ್ಜಿನಲ್ ಝೋನ್ ಲಿಂಫೋಮಾ’ ಎಂದು ವರದಿ ಬಂದಿದೆ. ವೈದ್ಯರು ಕೀಮೋ ಬೇಡವೆಂದು ವೈರಾಣುವಿಗೆ ಮಾತ್ರೆ ಕೊಟ್ಟಿದ್ದಾರೆ. ಕ್ಯಾನ್ಸರ್ ಬಿಟ್ಟು ಕಾಮಾಲೆಗೆ ಚಿಕಿತ್ಸೆಯೇ ಎಂದು ನೆಂಟರು ಕೇಳುತ್ತಾರೆ.

ಉತ್ತರ: ನೆಂಟರಿಗೆ ಕಾಫಿ ಕೊಟ್ಟು ಕಳುಹಿಸಿ. ಮಾತ್ರೆ ಮುಂದುವರಿಸಿ. ಹೆಪಟೈಟಿಸ್ ಸಿ ಎಂದರೆ ಬರೀ ಯಕೃತ್ತಿನ ಕಾಯಿಲೆ ಎಂದು ತಿಳಿದವರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ವೈರಾಣು ವರ್ಷಗಟ್ಟಲೆ ರಕ್ತದಲ್ಲಿ ಬೀಡುಬಿಟ್ಟರೆ ಸೋಂಕಿನ ವಿರುದ್ಧ ಕಾದಾಡುವ ಬಿಳಿ ರಕ್ತಕಣಗಳಾದ ಬಿ ಜೀವಕೋಶಗಳಿಗೆ ಬಿಡುವೇ ಇಲ್ಲ. ಅದರ ವಿರುದ್ಧ ಹೋರಾಡಲೆಂದು ಅವು ವಿಭಜನೆಯಾಗುತ್ತಲೇ ಇರುತ್ತವೆ; ಕೆಲವರಲ್ಲಿ ಆ ವಿಭಜನೆ ಹಿಡಿತ ತಪ್ಪಿ ಲಿಂಫೋಮಾ ಎಂಬ ಕ್ಯಾನ್ಸರ್ ಆಗುತ್ತದೆ. ಎಲ್ಲರಲ್ಲೂ ಅಲ್ಲ, ಬಹುಪಾಲು ಸೋಂಕಿತರಿಗೆ ಲಿಂಫೋಮಾ ಬರುವುದೇ ಇಲ್ಲ.

2002ರಲ್ಲಿ ಫ್ರಾನ್ಸಿನ ವೈದ್ಯರು ಗುಲ್ಮದ ಲಿಂಫೋಮಾ ಜೊತೆಗೆ ಹೆಪಟೈಟಿಸ್ ಸಿ ಇದ್ದ 9 ಮಂದಿಗೆ ವೈರಾಣು ತಡೆಯುವ ಚುಚ್ಚುಮದ್ದು ಇಂಟರ್‌ಫೆರಾನ್ ಕೊಟ್ಟರು. ವೈರಾಣು ಮಾಯವಾದ 7 ಮಂದಿಯಲ್ಲಿ ಲಿಂಫೋಮಾ ಕೂಡ ಪೂರ್ತಿ ಇಳಿಯಿತು. ಒಬ್ಬರಲ್ಲಿ ವೈರಾಣು ಮರಳಿತು, ಲಿಂಫೋಮಾವೂ ಮರಳಿತು! ಸೋಂಕಿಲ್ಲದ 6 ಮಂದಿಗೆ ಅದೇ ಔಷಧದಿಂದ ಏನೂ ಆಗಲಿಲ್ಲ. ಇದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳಬೇಕು?

ಈಗ ಇಂಟರ್‌ಫೆರಾನ್‌ನ ಕಾಟವಿಲ್ಲ. ಸೋಫೋಸ್ಬುವಿರ್ ಜೊತೆಗೆ ಮತ್ತೊಂದು ಮಾತ್ರೆ, ಸಾಮಾನ್ಯವಾಗಿ 12 ವಾರ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇದು ಉಚಿತ. ವೈರಾಣು ಹೋದ ಮೇಲೂ ಗುಲ್ಮದ ತಪಾಸಣೆ ಬಿಡಬೇಡಿ. ಆದರೆ ವರದಿಯಲ್ಲಿ ‘ಡಿಫ್ಯೂಸ್ ಲಾರ್ಜ್ ಬಿ-ಸೆಲ್’ ಎಂದಿದ್ದವರು ಇದನ್ನೋದಿ ಕೀಮೋ ಮುಂದೂಡಬಾರದು. ಅದು ಬೇರೆ ಬಗೆಯ, ವೇಗವಾಗಿ ಹರಡುವ ಲಿಂಫೋಮಾ.

ಪ್ರಶ್ನೆ: ಹೆಪಟೈಟಿಸ್ ಬಿ ಇದ್ದರೂ ಲಿಂಫೋಮಾ ಬರುತ್ತದೆಯೇ?

ಉತ್ತರ: ಅಪಾಯ ತುಸು ಹೆಚ್ಚು. ನನ್ನ ನಿದ್ದೆ ಕೆಡಿಸುವುದು ಬೇರೆ: ಹೆಪಟೈಟಿಸ್ ಬಿ ಇದೆಯೇ, ಹಿಂದೆ ಇತ್ತೇ ಎಂದು ತೋರಿಸುವ ಎಚ್‌ಬಿಎಸ್‌ಎಜಿ ಮತ್ತು ಕೋರ್ ಆಂಟಿಬಾಡಿ ಪರೀಕ್ಷೆ ಮಾಡಿಸದೆ ಲಿಂಫೋಮಾದ ಔಷಧ ರಿಟುಕ್ಸಿಮ್ಯಾಬ್ ಹಾಕಿಸಿಕೊಳ್ಳುವುದು. ಅಡಗಿದ್ದ ವೈರಾಣು ಕೆರಳಿ ಯಕೃತ್ತನ್ನೇ ಕೆಡಿಸಬಹುದು. ವೈರಾಣು ಕೆರಳದಂತೆ ತಡೆಗೆಂದು ಕೊಟ್ಟ ಎಂಟೆಕಾವಿರ್ ಮಾತ್ರೆಯನ್ನು ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ ಒಂದು ವರ್ಷ ನಿಲ್ಲಿಸಬೇಡಿ.

ಪ್ರಶ್ನೆ: ಬಾಲ್ಯದಲ್ಲಿ ನೀರಿನಿಂದ ಹೆಪಟೈಟಿಸ್ ಎ ಬಂದಿತ್ತು. ಹೆದರಬೇಕೇ?

ಉತ್ತರ: ಬೇಡ.

ಪ್ರಶ್ನೆ: ಕಾಮಾಲೆಗೆ ತೋಳಿಗೆ ಬರೆ ಹಾಕಿಸಿದರೆ ವೈರಾಣು ಸಾಯುತ್ತದೆಯೇ?

ಉತ್ತರ: ಚರ್ಮ ಸುಡುತ್ತದೆ. ವೈರಾಣು ಯಕೃತ್ತಿನಲ್ಲಿ ಹಾಯಾಗಿರುತ್ತದೆ.