ಬಳ್ಳಾರಿಯಲ್ಲಿ ಕೂತು ಮೆಸ್ಕೀಟ್ ಇದ್ದಿಲು ತರಿಸ್ತೀರಾ?

ಕಬಾಬ್ ಮಸಾಲೆ ಕೇಳಿದರೆ ಖುಷಿಯಿಂದ ಹೇಳುತ್ತೇನೆ. ಆದರೆ ನೀವು ಕೇಳೋದು ಬರೀ ಇದ್ದಿಲು. ಅದೂ ಒಂದೇ ಪ್ರಶ್ನೆ, ಹತ್ತು ಥರದಲ್ಲಿ. ಇಪ್ಪತ್ತು ವರ್ಷ ತಂದೂರ್ ಮುಂದೆ ನಿಂತು ಹುಬ್ಬು ಸುಟ್ಟುಕೊಂಡವನು ನಾನು, ಈ ಸಲ ಪೂರ್ತಿ ಬರೆದು ಮುಗಿಸಿಬಿಡುತ್ತೇನೆ. ಬೆಂಕಿ ಹೊತ್ತಿಸೋದು ಹೇಗೆ ಅಂತ ಮಾತ್ರ ಕೇಳಬೇಡಿ. ಅದು ಬರದಿದ್ದರೆ ಮೊದಲು ನಾಲ್ಕು ಬದನೆಕಾಯಿ ಸುಟ್ಟು ಕೈ ಪಳಗಿಸಿಕೊಳ್ಳಿ.

ಪ್ರಶ್ನೆ: ಟೆರೇಸ್ ಮೇಲೆ ಗ್ರಿಲ್ ಇಟ್ಟಿದ್ದೇನೆ. ಅಮೆರಿಕದ ವಿಡಿಯೋಗಳಲ್ಲಿ ಮೆಸ್ಕೀಟ್ ಅನ್ನೋ ಮರದ ಇದ್ದಿಲೇ ಬೆಸ್ಟ್ ಅಂತಾರೆ, ಆನ್‌ಲೈನ್‌ನಲ್ಲಿ ನೋಡಿದರೆ ವಿಪರೀತ ರೇಟು. ತೆಂಗಿನ ಚಿಪ್ಪಿನದ್ದು, ಬ್ರಿಕೆಟ್ (ಪುಡಿ ಒತ್ತಿ ಮಾಡಿದ ಬಿಲ್ಲೆ), ಲೋಕಲ್ ಇದ್ದಿಲು, ಇವುಗಳಲ್ಲಿ ಯಾವುದು ಒಳ್ಳೇದು? – ಕಂಟೋನ್ಮೆಂಟ್, ಬಳ್ಳಾರಿ

ಉತ್ತರ: ಸ್ವಾಮಿ, ಒಮ್ಮೆ ಊರ ಹೊರಗೆ ಹೋಗಿ ನೋಡಿ. ಕಾಲುವೆ ದಂಡೆ, ಕೆರೆ ಅಂಗಳ, ಬೀಳು ಹೊಲ, ರೈಲು ಹಳಿ ಪಕ್ಕ, ಎಲ್ಲಿ ನೋಡಿದರೂ ಮುಳ್ಳು ಚಾಚಿಕೊಂಡು ನಿಂತಿರೋದು ಬಳ್ಳಾರಿ ಜಾಲಿ. ಅದು ಮೆಸ್ಕೀಟ್ ಬಳಗದ್ದೇ ಮರ. ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ ಅದರ ತವರು. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಕಡಪ ಕಡೆ ಬೀಜ ತರಿಸಿ ಹಾಕಿದರು, ನಮ್ಮ ಬಳ್ಳಾರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಸೌದೆಗಾಗುತ್ತೆ ಅಂತ ತಂದದ್ದು ಹೊಲವನ್ನೇ ನುಂಗಿತು, ಆ ಸಂಕಟ ರೈತರನ್ನು ಕೇಳಿ. ಟೆಕ್ಸಸ್‌ನವರು ಸುಡುವ ಮೆಸ್ಕೀಟ್ ಇದರ ದಾಯಾದಿ. ಕೆಂಡದ ಗುಣ ಹೆಚ್ಚುಕಡಿಮೆ ಒಂದೇ: ಗಟ್ಟಿ, ಕಾವು ಜೋರು, ಕಿಡಿ ಜಾಸ್ತಿ. ಊರಿನ ಹೆಸರು ಹೊತ್ತ ಮರವನ್ನು ಬಿಟ್ಟು ಅದರ ದಾಯಾದಿಗೆ ಹಡಗಿನ ಬಾಡಿಗೆ ಕೊಡ್ತೀರಲ್ಲ, ಏನನ್ನಲಿ.

ಆದರೆ ಜಾಲಿ ಇದ್ದಿಲು ಅಂದ ತಕ್ಷಣ ಕಣ್ಣು ಮುಚ್ಚಿ ಚೀಲ ಎತ್ತಬೇಡಿ. ಮರ ಯಾವುದು ಅನ್ನೋದಕ್ಕಿಂತ ಗೂಡಿನಲ್ಲಿ ಹೇಗೆ ಬೆಂದಿದೆ ಅನ್ನೋದೇ ಮುಖ್ಯ. ನಮ್ಮ ಕಡೆ ತುಂಡುಗಳನ್ನು ಒಟ್ಟಿ, ಮೇಲೆ ಹುಲ್ಲು ಸೊಪ್ಪು ಹೊದಿಸಿ, ಮಣ್ಣು ಮೆತ್ತಿ, ಗಾಳಿ ಕಟ್ಟಿ ದಿನಗಟ್ಟಲೆ ಒಳಗೊಳಗೇ ಬೇಯಿಸುತ್ತಾರೆ. ಮೊದಲು ಬಿಳಿ ಹೊಗೆ ದಟ್ಟವಾಗಿ ಏಳುತ್ತೆ, ಅದು ನೀರಿನ ಆವಿ. ಕೊನೆಗೆ ತೆಳು ನೀಲಿಗೆ ತಿರುಗಿದಾಗ ಗೂಡು ಮುಚ್ಚುತ್ತಾರೆ. ನಾಲ್ಕೈದು ಕಿಲೋ ಕಟ್ಟಿಗೆ ಹಾಕಿದರೆ ಒಂದು ಕಿಲೋ ಇದ್ದಿಲು. ಅವಸರ ಮಾಡಿ ಬೇಗ ಬಿಚ್ಚಿದರೆ ತೂಕ ಜಾಸ್ತಿ ಸಿಗುತ್ತೆ, ಮಾರುವವನಿಗೆ ಲಾಭ. ಆ ಅರೆಬೆಂದ ತುಂಡು ನಿಮ್ಮ ಕೋಳಿ ಕೆಳಗೆ ಹೊಗೆಯುಗುಳಿ, ಕಣ್ಣು ಉರಿಸಿ, ಮಾಂಸಕ್ಕೆ ಟಾರಿನ ವಾಸನೆ ಹತ್ತಿಸುತ್ತೆ. ಆಮೇಲೆ ಜನ ಹೇಳೋದು, ‘ಜಾಲಿ ಸರಿ ಇಲ್ಲ ಸರ್.’

ಅಂಗಡಿಯಲ್ಲಿ ನಾನು ಮಾಡೋದು ಇಷ್ಟೇ. ಎರಡು ತುಂಡು ತೆಗೆದು ಒಂದಕ್ಕೊಂದು ತಾಕಿಸುತ್ತೇನೆ. ಟಿಣ್ ಅಂದರೆ ಬೆಂದಿದೆ, ದಬ್ ಅಂದರೆ ಇಲ್ಲ. ಆಮೇಲೆ ಮುರಿಯುತ್ತೇನೆ. ಒಳಗೆ ಕಪ್ಪು ಹೊಳಪು ಇದ್ದು ಮರದ ಉಂಗುರ ಗೆರೆಗೆರೆಯಾಗಿ ಕಾಣಬೇಕು. ಕಂದು ಬಣ್ಣ ಕಂಡರೆ ವಾಪಸ್. ಕೊನೆಗೆ ಚೀಲದ ತಳಕ್ಕೆ ಕೈ ಹಾಕುತ್ತೇನೆ, ಅಲ್ಲಿ ತೇವ ಇದ್ದರೆ ತೂಕಕ್ಕೆ ನೀರು ಚಿಮುಕಿಸಿದ್ದಾರೆ ಅಂತಲೇ ನನ್ನ ಅನುಮಾನ. ಮೂರು ಬೊಗಸೆ ಬರೀ ಪುಡಿ ಬಂದರೂ ಆ ಚೀಲ ಬೇಡ. ಅಂಗಡಿಯವರು ಮುಖ ಗಂಟು ಹಾಕ್ತಾರೆ, ಹಾಕಲಿ.

ಇನ್ನು ತೆಂಗಿನ ಚಿಪ್ಪು. ನನಗೆ ಇಷ್ಟದ ಇದ್ದಿಲು. ಬೂದಿ ತುಂಬಾ ಕಡಿಮೆ, ಕಿಡಿ ಹಾರಲ್ಲ. ಆದರೆ ಬಿಡಿ ಚಿಪ್ಪಿನ ಇದ್ದಿಲು ತೆಳುವಾಗಿರುತ್ತೆ, ಬೇಗ ಹೊತ್ತಿ ಬೇಗ ಮುಗಿಯುತ್ತೆ. ಅದನ್ನೇ ಪುಡಿ ಮಾಡಿ ಗಂಜಿ ಹಿಟ್ಟಿನಲ್ಲಿ ಕಲಸಿ ಒತ್ತಿದ ಬಿಲ್ಲೆ ತಗೊಂಡರೆ ಗಂಟೆಗಟ್ಟಲೆ ಒಂದೇ ಸಮ ಕಾವು. ಇಡೀ ಕೋಳಿ, ಮಟನ್ ತೊಡೆ, ಮುಚ್ಚಳ ಹಾಕಿ ನಿಧಾನಕ್ಕೆ ಬೇಯಿಸೋದೇನಿದ್ದರೂ ಇದೇ ಸರಿ. ಸೀಖ್, ಟಿಕ್ಕಾ, ಪನೀರ್, ಎಳೆ ಜೋಳದ ತೆನೆ ಥರ ಹತ್ತು ನಿಮಿಷದ ಕೆಲಸಕ್ಕೆ ಜಾಲಿ. ಕಿಡಿ ಹಾರಿ ಮುಗಿಯೋ ತನಕ, ಮೇಲೆ ಬೂದಿ ಬಣ್ಣದ ಪದರ ಬರೋ ತನಕ ಕಾಯಿರಿ. ಕೆಂಡದ ಮೇಲೆ ಗೇಣು ಎತ್ತರದಲ್ಲಿ ಅಂಗೈ ಹಿಡಿದರೆ ಎರಡು ಮೂರು ಎಣಿಸೋದರೊಳಗೆ ಕೈ ಎಳೆದುಕೊಳ್ಳಬೇಕು. ಅದು ಟಿಕ್ಕಾ ಕಾವು.

ಅಗ್ಗದ ಬ್ರಿಕೆಟ್‌ಗಳಲ್ಲಿ ಏನಿದೆ ಅಂತ ಬೂದಿಯೇ ಹೇಳುತ್ತೆ. ಒಂದನ್ನು ಪೂರ್ತಿ ಉರಿಸಿ. ಅದೇ ಆಕಾರದಲ್ಲಿ ಕೆಂಪು ಮಣ್ಣಿನ ಹೆಂಟೆ ಉಳಿದರೆ ನೀವು ದುಡ್ಡು ಕೊಟ್ಟಿದ್ದು ಮಣ್ಣಿಗೆ. ಬೆಂಕಿಕಡ್ಡಿ ತಾಕಿಸಿದ ಕೂಡಲೇ ಹೊತ್ತುವ ಬ್ರಿಕೆಟ್‌ನಲ್ಲಿ ಎಣ್ಣೆ ಇರುತ್ತೆ, ನನ್ನ ಒಲೆ ಹತ್ತಿರ ಅದನ್ನು ಬಿಡಲ್ಲ. ಜಪಾನಿನ ಬಿಂಚೋತಾನ್ ಅದ್ಭುತ ಇದ್ದಿಲು, ಓಕ್ ಮರವನ್ನು 1000 ಡಿಗ್ರಿ ತನಕ ಏರಿಸಿ ಮಾಡ್ತಾರೆ, ಆದರೆ ಭಾನುವಾರದ ಅರ್ಧ ಕಿಲೋ ಚಿಕನ್‌ಗೆ ಅದು ಯಾಕ್ರೀ?

ಪ್ರಶ್ನೆ: ಸ್ಮೋಕಿ ರುಚಿಗೆ ಯಾವ ಇದ್ದಿಲು? – ಗಂಗಾವತಿ

ಉತ್ತರ: ಯಾವುದೂ ಅಲ್ಲ. ಚೆನ್ನಾಗಿ ಬೆಂದ ಇದ್ದಿಲಿಗೆ ಹೊಗೆಯೇ ಇರಲ್ಲ. ಹೊಗೆ ಬರೋದು ಕಟ್ಟಿಗೆಯಿಂದ, ಕೆಂಡಕ್ಕೆ ತೊಟ್ಟಿಕ್ಕುವ ಕೊಬ್ಬಿನಿಂದ. ಒಣಗಿದ ಮಾವು ಇಲ್ಲವೇ ಸೀಬೆ ಕಟ್ಟಿಗೆಯ ಎರಡು ಚಕ್ಕೆ ಕೆಂಡದ ಮೇಲಿಡಿ, ಸಾಕು. ಚಕ್ಕೆ ನೆನೆಸೋದು ದಂಡ, ಮೊದಲು ನೀರು ಆರಬೇಕು, ಆಮೇಲೇ ಹೊಗೆ. ಬೇವು ಕಹಿ. ಕಣಗಿಲೆ ವಿಷ, ಮುಟ್ಟಲೇಬೇಡಿ. ಹಳೇ ಬಾಗಿಲು, ಪ್ಲೈವುಡ್ ಒಡೆದು ಹಾಕುವವರು ನನಗೆ ಊಟಕ್ಕೆ ಕರೆಯಬೇಡಿ.

ಪ್ರಶ್ನೆ: ಜಾಲಿ ಕೆಂಡದಲ್ಲಿ ಸುಟ್ಟಿದ್ದು ತಿಂದರೆ ಮಕ್ಕಳಾಗಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿದೆ, ನಿಜಾನಾ? – ಲಿಂಗಸೂಗೂರು

ಉತ್ತರ: ಸುಳ್ಳು. ಫಾರ್ವರ್ಡ್ ಮಾಡಿದವರಿಗೂ ಹೇಳಿ.

ಪ್ರಶ್ನೆ: ರೈಸ್ ಮಿಲ್‌ನ ಹೊಟ್ಟಿನ ಬ್ರಿಕೆಟ್ ಅಗ್ಗ. ನಡೆಯುತ್ತಾ? ಕಲ್ಲಿದ್ದಲು? – ಸಿಂಧನೂರು

ಉತ್ತರ: ಹೊಟ್ಟಿನದ್ದು ಬಾಯ್ಲರ್‌ಗೆ. ಭತ್ತದ ಹೊಟ್ಟಿನಲ್ಲಿ ಐದನೇ ಒಂದು ಪಾಲು ಬೂದಿಯೇ. ಕಲ್ಲಿದ್ದಲು ಶಕ್ತಿನಗರದಲ್ಲಿ ಕರೆಂಟಿಗೆ ಇರಲಿ. ಗಂಧಕದ ಹೊಗೆಯಲ್ಲಿ ಯಾರಾದರೂ ಅಡುಗೆ ಮಾಡ್ತಾರಾ?

ಪ್ರಶ್ನೆ: ಮಳೆ ಬಂದರೆ ಗ್ರಿಲ್ ಒಳಗೆ ತರಬಹುದಾ? ಹೊಗೆ ನಿಂತ ಮೇಲೆ ತರ್ತೀವಿ. – ಕೊಪ್ಪಳ

ಉತ್ತರ: ಬೇಡ. ಬೇಡವೇ ಬೇಡ. ನಾನೇ ಒಂದು ಮಳೆ ರಾತ್ರಿ ತಗಡಿನ ಶೆಡ್‌ನೊಳಗೆ ಒಲೆ ಎಳೆದುಕೊಂಡು ಶಟರ್ ಇಳಿಸಿದ್ದೆ. ಒಂದು ಎಳೆ ಹೊಗೆ ಇರಲಿಲ್ಲ, ಕೆಂಡ ನಿಗಿನಿಗಿ ಅಂತಿತ್ತು. ಅರ್ಧ ಗಂಟೆಗೆ ನನಗೆ ತಲೆ ಸಿಡಿತ, ಜೊತೆಗಿದ್ದ ಹುಡುಗ ಈರುಳ್ಳಿ ಹೆಚ್ಚುತ್ತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಹೊರಗೆ ಎಳೆದು ಮಳೆಯಲ್ಲೇ ಮಲಗಿಸಿ ಆಸ್ಪತ್ರೆಗೆ ಫೋನ್ ಮಾಡಿದೆ. ಬದುಕಿದ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಕಿಟಕಿ ತೆಗೆದಿದ್ದೀವಿ, ಫ್ಯಾನ್ ಹಾಕಿದ್ದೀವಿ ಅಂತ ಮತ್ತೆ ಬರೆಯಬೇಡಿ, ನನ್ನ ಉತ್ತರ ಬದಲಾಗಲ್ಲ. ಮಳೆ ಬಂದರೆ ಚಿಕನ್ ಬಾಣಲೆಗೆ ಹಾಕಿ.

ಪ್ರಶ್ನೆ: ಉಳಿದ ಕೆಂಡ ಏನು ಮಾಡೋದು? – ಸಿರುಗುಪ್ಪ

ಉತ್ತರ: ಗ್ರಿಲ್‌ನ ಮುಚ್ಚಳ, ಗಾಳಿ ಕಂಡಿ ಎಲ್ಲ ಮುಚ್ಚಿ ಉಸಿರು ಕಟ್ಟಿಸಿ, ತಾನಾಗೇ ಆರುತ್ತೆ. ಮುಂದಿನ ಸಲ ಅದೇ ಇದ್ದಿಲು ಹೊಸದಕ್ಕಿಂತ ಬೇಗ ಹೊತ್ತಿಕೊಳ್ಳುತ್ತೆ. ಆದರೆ ಆರಿದೆ ಅಂತ ಅವತ್ತೇ ಗೋಣಿಚೀಲಕ್ಕೆ ತುಂಬಬೇಡಿ. ಒಂದು ಇಡೀ ದಿನ ಹಾಗೇ ಬಿಟ್ಟು, ಕೈಯಲ್ಲಿ ಮುಟ್ಟಿ ನೋಡಿ ಆಮೇಲೆ ತುಂಬಿ.