ಗೆಣ್ಣು ಎಣಿಸುವ ವಾಚಿಗೆ ಎಷ್ಟು ಬೆಲೆ?

ಹಾಸನದ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ತಿಂಗಳಿಗೆ 30 ದಿನವೋ 31 ದಿನವೋ, ಫೆಬ್ರವರಿಗೆ 28ವೋ 29ವೋ ಎಂದು ತಾವೇ ಲೆಕ್ಕ ಹಿಡಿದು ತಾರೀಖು ತೋರಿಸುವ ಪರ್ಪೆಚುಯಲ್ ಕ್ಯಾಲೆಂಡರ್ ವಾಚುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ನಾಲ್ಕು ಪುಟ ಬರೆದಿದ್ದೀರಿ. ಎರಡು ಸಲ ಓದಿದೆ. ಇಷ್ಟು ದುಡ್ಡು ಕೊಟ್ಟರೂ ತಾರೀಖು ಓದಲು ಭೂತಗನ್ನಡಿ ಬೇಕು ಎಂದಿದ್ದೀರಿ. ಚಿನ್ನದ ವಾಚಿಗಿಂತ ಸ್ಟೀಲಿನದು ದುಬಾರಿ ಎನ್ನುವುದು ಯಾವ ನ್ಯಾಯ ಎಂದು ಕೇಳಿದ್ದೀರಿ. ಫೋನು ಪುಕ್ಕಟೆ ಹೇಳುವ ತಾರೀಖಿಗೆ ಲಕ್ಷಗಟ್ಟಲೆ ಯಾಕೆ ಸುರಿಯಬೇಕು ಎಂಬುದು ನಿಮ್ಮ ದೊಡ್ಡ ತಕರಾರು. ಕೊನೆಯಲ್ಲಿ, ನಿಮ್ಮ ತಂದೆಯವರ ಎಚ್‌ಎಂಟಿ ವಾಚಿನ ತಾರೀಖನ್ನು ರಾತ್ರಿ ಮಲಗುವ ಮುಂಚೆ ತಿದ್ದಬಹುದಾ ಎಂದೂ ಕೇಳಿದ್ದೀರಿ.

ಬೆಲೆಯ ಮಾತಿಗೆ ಮುಂಚೆ ಒಳಗೆ ಏನಿದೆ ನೋಡೋಣ. ಚಿಕ್ಕವರಿದ್ದಾಗ ಮುಷ್ಟಿ ಹಿಡಿದು ಗೆಣ್ಣು ಎಣಿಸಿದ್ದು ನೆನಪಿದೆ ಅಲ್ವಾ? ಉಬ್ಬಿದ ಗೆಣ್ಣಿಗೆ 31, ನಡುವಿನ ತಗ್ಗಿಗೆ 30. ಈ ವಾಚಿನೊಳಗೆ ಇರುವುದು ಹೆಚ್ಚುಕಡಿಮೆ ಅದೇ ಮುಷ್ಟಿ. ನಾಲ್ಕು ವರ್ಷಕ್ಕೆ ಒಂದು ಸುತ್ತು ಬರುವ ಪುಟ್ಟ ಚಕ್ರ. ಅದರ ಅಂಚಿನಲ್ಲಿ 48 ತಿಂಗಳು. 31 ದಿನದ ತಿಂಗಳಿಗೆ ಅಂಚು ಎತ್ತರ. 30ಕ್ಕೆ ಸಣ್ಣ ಕಚ್ಚು. ಫೆಬ್ರವರಿಗೆ ಆಳದ ಕಚ್ಚು. ನಾಲ್ಕು ಫೆಬ್ರವರಿಗಳಲ್ಲಿ ಒಂದರ ಕಚ್ಚು ಮಾತ್ರ ಒಂಚೂರು ಕಡಿಮೆ ಆಳ, ಅದು 29ರ ಲೆಕ್ಕ. ಒಂದು ಲಿವರಿನ ಮೂತಿ ಆ ಅಂಚನ್ನು ಮುಟ್ಟಿ ನೋಡುತ್ತದೆ. ಅದು ಎಷ್ಟು ಆಳಕ್ಕೆ ಇಳಿಯಿತೋ, ತಿಂಗಳ ಕೊನೆಗೆ ತಾರೀಖು ಅಷ್ಟು ದೂರ ಹಾರುತ್ತದೆ. ಬ್ಯಾಟರಿ ಇಲ್ಲ, ಚಿಪ್ ಇಲ್ಲ. ಇಂಗ್ಲೆಂಡಿನ ಥಾಮಸ್ ಮಜ್ 1760ರ ದಶಕದಲ್ಲೇ ಇಂಥದ್ದನ್ನು ಜೇಬು ಗಡಿಯಾರದಲ್ಲಿ ಮಾಡಿ ತೋರಿಸಿದ್ದ. ಕೈಗೆ ಕಟ್ಟುವ ವಾಚಿಗೆ ಅದನ್ನು 1925ರಲ್ಲಿ ತಂದದ್ದು ಜಿನೀವಾದ ಪಾಟೆಕ್ ಫಿಲಿಪ್. ಆ ವಾಚಿನ ಯಂತ್ರವೂ 1898ರಲ್ಲಿ ಹೆಂಗಸರು ಕೊರಳಿಗೆ ಹಾಕುವ ಗಡಿಯಾರಕ್ಕೆಂದು ಮಾಡಿಟ್ಟದ್ದು. ನನಗೆ ಈ ವಿಷಯ ಪ್ರತಿ ಸಲ ಖುಷಿ ಕೊಡುತ್ತದೆ.

ಈಗ ನಿಮ್ಮ ಭೂತಗನ್ನಡಿ. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ. ವಾರ, ತಾರೀಖು, ತಿಂಗಳು, ಅಧಿಕ ವರ್ಷ, ಚಂದ್ರ, ಇಷ್ಟನ್ನೂ ಮೂರು ಪುಟ್ಟ ವೃತ್ತಗಳಲ್ಲಿ ತುಂಬುವುದು ಹಳೆಯ ಪದ್ಧತಿ. 1985ರಲ್ಲಿ ಬಂದ ಪಾಟೆಕ್ 3940 ಎಂಬ ಮಾದರಿ ಅದೇ ತರಹದ್ದು. ಸಂಗ್ರಾಹಕರಲ್ಲಿ ಬಹಳ ಜನ ಅದನ್ನೇ ಅತಿ ಚೆಂದದ ಡಯಲ್ ಎನ್ನುತ್ತಾರೆ. ವೃತ್ತಗಳು ಒಂದಕ್ಕೊಂದು ತೂಗುವ ರೀತಿ ನಿಜಕ್ಕೂ ಸೊಗಸು. ಆದರೆ ಐವತ್ತು ದಾಟಿದ ಕಣ್ಣಿಗೆ ಅಲ್ಲಿ ತಾರೀಖು ಹುಡುಕುವುದು ಕಷ್ಟ. ಇನ್ನೊಂದು ಗುಂಪಿಗೆ ಡಯಲಿನಲ್ಲಿ ಕೊರೆದ ಪುಟ್ಟ ಕಿಟಕಿಯೇ ಇಷ್ಟ. 1941ರ ಪಾಟೆಕ್ 1518ರಲ್ಲಿ ವಾರ ಮತ್ತು ತಿಂಗಳು ಮೇಲೆ ಎರಡು ಕಿಟಕಿಗಳಲ್ಲಿ ಅಕ್ಕಪಕ್ಕ ಕೂತಿವೆ. ಒಂದು ನೋಟಕ್ಕೆ ಓದಬಹುದು.

ನನಗೆ ಎಲ್ಲಕ್ಕಿಂತ ಬುದ್ಧಿವಂತಿಕೆಯದು ಅನಿಸುವುದು ಮೋಸರ್ ಕಂಪನಿಯ ದಾರಿ. ತಾರೀಖಿಗೆ ಒಂದು ದೊಡ್ಡ ಕಿಟಕಿ. ತಿಂಗಳಿಗೆ ನಡುವಿನಲ್ಲೊಂದು ಗಿಡ್ಡ ಮುಳ್ಳು. ಗಂಟೆಯ ಗುರುತುಗಳೂ ಹನ್ನೆರಡು, ತಿಂಗಳುಗಳೂ ಹನ್ನೆರಡು. ಮುಳ್ಳು 4ರ ಕಡೆ ತಿರುಗಿದ್ದರೆ ಏಪ್ರಿಲ್, ಅಷ್ಟೇ. ಅಧಿಕ ವರ್ಷದ ಗುರುತು ವಾಚಿನ ಬೆನ್ನಿಗೆ ಹೋಯಿತು. ‘ಇಷ್ಟು ಕೊಟ್ಟ ಮೇಲೆ ಕಾಣಬೇಡವೇ’ ಎಂದು ಬೇಸರಪಡುವವರು ಇದ್ದಾರೆ. ಅವರ ಮಾತು ನನಗೆ ಹಿಡಿಸುವುದಿಲ್ಲ. ಕಷ್ಟಪಟ್ಟು ಮಾಡಿದ ಕೆಲಸ ಸುಲಭವಾಗಿ ಕಾಣುವುದೇ ಹೆಚ್ಚಿನದು.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ತೊಂದರೆ ಇದೆ, ಸಂಗ್ರಾಹಕರು ಜಾಸ್ತಿ ಗೊಣಗುವುದು ಅದಕ್ಕೇ. ವಾಚು ಎರಡು ವಾರ ಪೆಟ್ಟಿಗೆಯಲ್ಲಿದ್ದು ನಿಂತರೆ ಎಲ್ಲವನ್ನೂ ಮತ್ತೆ ಹೊಂದಿಸಬೇಕು. ಪಕ್ಕದಲ್ಲಿ ಸೂಜಿ ಮೊನೆಯಂಥ ಗುಂಡಿಗಳಿರುತ್ತವೆ. ನನ್ನ ಸ್ನೇಹಿತರೊಬ್ಬರು ರಾತ್ರಿ ಹನ್ನೊಂದರ ಹೊತ್ತಿಗೆ ಅವನ್ನು ಒತ್ತಿದರು. ಆ ಹೊತ್ತಿಗೆ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ತಾರೀಖು ಬದಲಿಸಲು ಸಜ್ಜಾಗಿರುತ್ತವೆ. ಒಳಗೆ ಏನೋ ಮುರಿಯಿತು. ವಾಚು ವಿದೇಶಕ್ಕೆ ಹೋಗಿ ಬರಲು ತಿಂಗಳುಗಳೇ ಹಿಡಿದವು. ಅದರ ಖರ್ಚಿನಲ್ಲಿ ಒಂದು ಒಳ್ಳೆಯ ಹೊಸ ವಾಚು ಬರುತ್ತಿತ್ತು.

ಈ ಭಯವನ್ನು ಕಡಿಮೆ ಮಾಡಿದವರು ಸ್ವಿಸ್ ವಾಚು ಕಂಪನಿ ಐಡಬ್ಲ್ಯೂಸಿಯ ಕುರ್ಟ್ ಕ್ಲೌಸ್. 1985ರ ಅವರ ಡಾ ವಿಂಚಿ ವಾಚಿನಲ್ಲಿ ಇಡೀ ಕ್ಯಾಲೆಂಡರು ಒಂದೇ ತಿರುಪಿನಿಂದ ಮುಂದೆ ಹೋಗುತ್ತದೆ. ವರ್ಷ ನಾಲ್ಕು ಅಂಕಿಯಲ್ಲಿ ಕಾಣುತ್ತದೆ. ಆದರೆ ಹಿಂದಕ್ಕೆ ಬಾರದು. ಹಿಂದಕ್ಕೂ ಮುಂದಕ್ಕೂ ಹೋಗುವುದನ್ನು 1996ರಲ್ಲಿ ಉಲಿಸ್ ನಾರ್ಡಿನ್ ಕಂಪನಿಗಾಗಿ ಲುಡ್ವಿಗ್ ಓಕ್ಸ್‌ಲಿನ್ ಮಾಡಿದರು. ಕೊಳ್ಳುವವರು ಡಯಲ್ ನೋಡುವ ಮುಂಚೆ ಇದನ್ನು ಕೇಳಬೇಕು. ಹೊಂದಿಸಲು ಹೆದರುವ ವಾಚನ್ನು ಯಾರೂ ಕಟ್ಟಿಕೊಳ್ಳುವುದಿಲ್ಲ.

ಇನ್ನು ಬೆಲೆ. ಸಾಮಾನ್ಯ ತಾರೀಖಿನ ವಾಚನ್ನು ವರ್ಷಕ್ಕೆ ಐದು ಸಲ ತಿದ್ದಬೇಕು. 30, 31ರ ಲೆಕ್ಕ ತಾನೇ ಹಿಡಿದು ಫೆಬ್ರವರಿಯಲ್ಲಿ ಮಾತ್ರ ತಪ್ಪುವ ಆನ್ಯುಯಲ್ ಕ್ಯಾಲೆಂಡರನ್ನು ಆ ತಿಂಗಳು ಮುಗಿದಾಗ ಒಂದೇ ಸಲ. ಪರ್ಪೆಚುಯಲ್ ನಡೆಯುತ್ತಲೇ ಇದ್ದರೆ 2100ರ ಮಾರ್ಚ್ 1ರವರೆಗೆ ಮುಟ್ಟಬೇಕಾಗಿಲ್ಲ. ಆ ವರ್ಷ ನಾಲ್ಕರಿಂದ ಭಾಗವಾದರೂ ಅಧಿಕ ವರ್ಷ ಅಲ್ಲ. ನಮ್ಮ ಪಂಚಾಂಗದವರು ಲೆಕ್ಕ ಸರಿದೂಗಿಸಲು ಇಡೀ ಅಧಿಕ ಮಾಸವನ್ನೇ ಸೇರಿಸುತ್ತಾರೆ, ಇಂಗ್ಲಿಷ್ ಕ್ಯಾಲೆಂಡರಿನವರು ಒಂದು ದಿನ ಬಿಡುತ್ತಾರೆ. ವರ್ಷಕ್ಕೆ ಆ ಒಂದು ಸಲವನ್ನು ಉಳಿಸಲು ಬೆಲೆ ಎಷ್ಟೋ ಪಟ್ಟು ಏರುತ್ತದೆ.

ಈ ಏರಿಕೆಯಲ್ಲಿ ಎಷ್ಟು ನ್ಯಾಯ? 2016ರಲ್ಲಿ ಫ್ರೆಡರಿಕ್ ಕಾನ್‌ಸ್ಟಂಟ್ ಕಂಪನಿ ಸ್ವಂತ ಯಂತ್ರದ ಪರ್ಪೆಚುಯಲ್ ಅನ್ನು ಸ್ಟೀಲಿನಲ್ಲಿ ಸುಮಾರು 8 ಸಾವಿರ ಸ್ವಿಸ್ ಫ್ರಾಂಕಿಗೆ ತಂದಿತು. ಆಗಿನ ಲೆಕ್ಕದಲ್ಲಿ ಐದೂವರೆ ಲಕ್ಷ ರೂಪಾಯಿಯ ಆಸುಪಾಸು. ಅಂದರೆ ಲೆಕ್ಕ ಹಾಕುವ ಯಂತ್ರದ ಬೆಲೆ ಸುಮಾರು ಅಷ್ಟು. ಅದರ ಮೇಲೆ ಕೊಡುವುದರಲ್ಲಿ ಒಂದು ಪಾಲು ಕೈಕೆಲಸಕ್ಕೆ. ಯಾರಿಗೂ ಕಾಣದ ಲಿವರಿನ ಅಂಚನ್ನೂ ಓರೆ ಮಾಡಿ ಹೊಳಪು ಕೊಡುವವರು ಇದ್ದಾರೆ. ಅದು ವರ್ಷಗಟ್ಟಲೆ ಕಲಿತ ಕೈ, ಅದಕ್ಕೆ ಕೊಡುವುದರಲ್ಲಿ ತಪ್ಪಿಲ್ಲ. ಉಳಿದದ್ದು ಹೆಸರಿಗೆ. ಎಷ್ಟೋ ಪರ್ಪೆಚುಯಲ್‌ಗಳು ಅಂಗಡಿ ದಾಟಿದ ಕೂಡಲೇ ಕಡಿಮೆ ಬೆಲೆಗೆ ಕೈ ಬದಲಿಸುತ್ತವೆ. ಬಲ್ಲ ಸಂಗ್ರಾಹಕರು ಹೊಸದಕ್ಕೆ ಓಡುವುದಿಲ್ಲ, ಒಳ್ಳೆಯ ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ.

ಸ್ಟೀಲಿನ ವಿಷಯಕ್ಕೆ ಉತ್ತರ ಚಿಕ್ಕದು. ಪಾಟೆಕ್ 1518 ಒಟ್ಟು 281 ಆಗಿವೆ, ಹೆಚ್ಚಿನವು ಚಿನ್ನದವು. ಸ್ಟೀಲಿನವು ನಾಲ್ಕೇ ಗೊತ್ತಿರುವುದು. ಅದರಲ್ಲೊಂದು 2016ರಲ್ಲಿ ಜಿನೀವಾ ಹರಾಜಿನಲ್ಲಿ 1 ಕೋಟಿ 10 ಲಕ್ಷ ಫ್ರಾಂಕಿಗೆ ಹೋಯಿತು, ಸುಮಾರು 75 ಕೋಟಿ ರೂಪಾಯಿ. ಅದು ವಾಚಿನ ಬೆಲೆ ಅಲ್ಲ. ನಾಲ್ಕೇ ಇವೆ ಎನ್ನುವುದರ ಬೆಲೆ.

ಫೋನಿನ ಮಾತು ನಿಜ. ಫೋನೇ ಯಾಕೆ, ಸಿಟಿಜನ್ ಕಂಪನಿಯ ಬೆಳಕಿನಿಂದ ನಡೆಯುವ ಕ್ವಾರ್ಟ್ಜ್ ವಾಚುಗಳಲ್ಲಿ ಕೆಲವು 2100ರ ಫೆಬ್ರವರಿವರೆಗೆ ತಪ್ಪದೆ ತಾರೀಖು ತೋರಿಸುತ್ತವೆ, ಅದೂ ಸಾವಿರಗಳ ಲೆಕ್ಕದಲ್ಲಿ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾದದ್ದು ಇದೇ ಸಿಟಿಜನ್ ಜೊತೆಗೂಡಿ. ತಾರೀಖು ಬೇಕಷ್ಟೇ ಎನ್ನುವವರಿಗೆ ನಾನು ಸುಮ್ನೆ ಸ್ವಿಟ್ಜರ್ಲೆಂಡಿನ ದಾರಿ ತೋರಿಸುವುದಿಲ್ಲ. ಆದರೆ ಹಿತ್ತಾಳೆ, ಉಕ್ಕಿನ ತುಂಡುಗಳು ಫೆಬ್ರವರಿ 28ರ ರಾತ್ರಿ ತಾವೇ ಗೆಣ್ಣು ಎಣಿಸಿ ಮಾರ್ಚ್ 1ಕ್ಕೆ ಹಾರುವುದನ್ನು ಒಂದು ಸಲ ಎಚ್ಚರವಿದ್ದು ನೋಡಿದ್ದೇನೆ. ಅದನ್ನು ನೋಡಿದ ಮೇಲೆ ಇದಕ್ಕಾಗಿ ದುಡ್ಡು ಕೂಡಿಡುವವರನ್ನು ಹುಚ್ಚರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಿಮ್ಮ ತಂದೆಯವರ ವಾಚಿನ ತಾರೀಖನ್ನು ರಾತ್ರಿ ತಿದ್ದಬೇಡಿ. ಒಂಬತ್ತರಿಂದ ಬೆಳಗಿನ ಮೂರರವರೆಗೆ ಅಲ್ಲೂ ಹಲ್ಲು ಕಚ್ಚಿಕೊಂಡಿರುತ್ತದೆ. ಬೆಳಿಗ್ಗೆ ಕಾಫಿ ಆದ ಮೇಲೆ, ಕೀ ಕೊಡುವ ಹೊತ್ತಿಗೆ ತಿದ್ದಿ.

ನಿಮ್ಮ,
ಸಂಪಾದಕ